ಇಟ್ಟಿಗೆಯಾದ ಫೋನು ಮತ್ತೆ ಎದ್ದ ಚರಿತ್ರೆ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ‘ಸೆಟ್ ಡೆಡ್ ಆಗಿದೆ’ ಅಂತಾರೆ. ಇಂಟರ್ನೆಟ್ ನೋಡಿ ಕಲಿತ ಹುಡುಗರು ‘ಬ್ರಿಕ್ ಆಯ್ತು’ ಅಂತಾರೆ. ಬ್ರಿಕ್ ಅಂದರೆ ಇಟ್ಟಿಗೆ. ಕಂಪನಿ ಕೊಟ್ಟ ಸಾಫ್ಟ್‌ವೇರ್ ತೆಗೆದು, ಹೊರಗಿನವರು ತಯಾರಿಸಿದ ಸಾಫ್ಟ್‌ವೇರ್ (ಇದಕ್ಕೆ ಕಸ್ಟಮ್ ರಾಮ್ ಎನ್ನುತ್ತಾರೆ) ಹಾಕಲು ಹೋಗಿ, ಕೆಲಸ ಅರ್ಧಕ್ಕೆ ಕೈಕೊಟ್ಟು, ಹತ್ತು ಹನ್ನೆರಡು ಸಾವಿರದ ಫೋನು ಗೋಡೆ ಕಟ್ಟಲಿಕ್ಕೂ ಬಾರದ ಇಟ್ಟಿಗೆಯಾಗಿ ಕೂತಾಗ ಹೇಳುವ ಮಾತಿದು.

ಸುಮ್ಮನಿರಲಾರದೆ ಯಾಕೆ ಹಾಕಬೇಕಿತ್ತು ಎಂದು ಮನೆಯವರು ಬೈಯುತ್ತಾರೆ. ಆದರೆ ಹಾಕುವವರಿಗೂ ಕಾರಣ ಇರುತ್ತದೆ. ಎರಡು ಮೂರು ವರ್ಷಕ್ಕೆ ಕಂಪನಿ ಅಪ್‌ಡೇಟ್ ನಿಲ್ಲಿಸುತ್ತದೆ. ಬ್ಯಾಂಕಿನ ಆ್ಯಪ್ ‘ನಿಮ್ಮ ಆಂಡ್ರಾಯ್ಡ್ ಹಳೆಯದಾಯಿತು’ ಎನ್ನುತ್ತದೆ. ಫೋನಿನ ಮೈ ಗಟ್ಟಿಯಾಗಿಯೇ ಇರುತ್ತದೆ. ಹೊಸದು ಕೊಳ್ಳಲು ದುಡ್ಡಿಲ್ಲದವರು ಇರುವುದನ್ನೇ ಹೊಸದು ಮಾಡಿಕೊಳ್ಳಲು ನೋಡುತ್ತಾರೆ.

ಹೀಗೆ ಇಟ್ಟಿಗೆಯಾದ ಫೋನುಗಳಲ್ಲಿ ಕೆಲವು ಅರ್ಧ ಗಂಟೆಯಲ್ಲಿ ಎದ್ದು ಕೂರುತ್ತವೆ. ಕೆಲವು ಎಷ್ಟು ಅಂಗಡಿ ಅಲೆದರೂ ಏಳುವುದಿಲ್ಲ. ರಿಪೇರಿ ಮಾಡುವವರ ಕೈಗುಣದ ಮೇಲೆ ಇದು ನಿಂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಳೆದ ಹದಿನೈದು ಇಪ್ಪತ್ತು ವರ್ಷದ ಚರಿತ್ರೆ ನೋಡಿದರೆ ಬೇರೆಯೇ ಕಾಣುತ್ತದೆ. ಪ್ರತಿ ಫೋನಿನ ತಳದಲ್ಲೂ ಒಂದು ಸಣ್ಣ ಬಾಗಿಲಿದೆ. ಅದರ ಕೀಲಿಕೈ ಯಾರ ಬಳಿ ಇದೆ ಎಂಬುದೇ ಫೋನಿನ ಸಾವು ಬದುಕು ತೀರ್ಮಾನಿಸುತ್ತಾ ಬಂದಿದೆ.

ಬಾವಿಯ ಮೆಟ್ಟಿಲು

ಮೊದಲು ಫೋನು ಹೇಗೆ ಏಳುತ್ತದೆ ನೋಡೋಣ. ಪವರ್ ಬಟನ್ ಒತ್ತಿದ ತಕ್ಷಣ ಆಂಡ್ರಾಯ್ಡ್ ಶುರುವಾಗುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಎಬ್ಬಿಸುತ್ತಾ ಹೋಗುತ್ತಾರೆ.

ಎಲ್ಲಕ್ಕಿಂತ ಕೆಳಗೆ, ಪ್ರೊಸೆಸರ್ ಚಿಪ್ಪಿನೊಳಗೇ, ಕಾರ್ಖಾನೆಯಲ್ಲಿ ಅಚ್ಚೊತ್ತಿದ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದನ್ನು ಯಾರೂ ಅಳಿಸಲು ಬರುವುದಿಲ್ಲ. ಅದು ಮೊದಲು ಎದ್ದು ‘ಬೂಟ್‌ಲೋಡರ್’ ಎಂಬುದನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್ ಮುಂದೆ ಎರಡು ದಾರಿ. ಒಂದು, ಆಂಡ್ರಾಯ್ಡ್ ಎಬ್ಬಿಸುವುದು. ಇನ್ನೊಂದು, ‘ರಿಕವರಿ’ ಎಂಬ ಸಣ್ಣ ಕೋಣೆಗೆ ಹೋಗುವುದು. ಆ ಕೋಣೆ ಇರುವುದೇ ರಿಪೇರಿ ಕೆಲಸಕ್ಕೆ.

ಇದನ್ನು ಮೆಟ್ಟಿಲು ಬಾವಿ ಎಂದುಕೊಳ್ಳಿ. ಮೇಲಿನ ಮೆಟ್ಟಿಲು ಮುರಿದರೆ ಕೆಳಗಿನ ಮೆಟ್ಟಿಲಿನ ಮೇಲೆ ನಿಂತು ಅದನ್ನು ಕಟ್ಟಬಹುದು. ಆಂಡ್ರಾಯ್ಡ್ ಕೆಟ್ಟರೆ ರಿಕವರಿಯಿಂದ ಸರಿಮಾಡಬಹುದು. ರಿಕವರಿಯೂ ಕೆಟ್ಟರೆ ಬೂಟ್‌ಲೋಡರ್‌ನಿಂದ ಸರಿಮಾಡಬಹುದು. ಪರದೆಯ ಮೇಲೆ ಕಂಪನಿಯ ಲೋಗೋ ಬಂದು ಅಲ್ಲೇ ನಿಂತರೆ ಕೆಳಗಿನ ಮೆಟ್ಟಿಲು ಗಟ್ಟಿ ಇದೆ ಎಂದು ಅರ್ಥ. ಇಂಥದ್ದಕ್ಕೆ ‘ಸಾಫ್ಟ್ ಬ್ರಿಕ್’ ಎನ್ನುತ್ತಾರೆ. ಪರದೆ ಕಪ್ಪಾಗಿ, ಲೋಗೋನೂ ಇಲ್ಲದೆ, ವೈಬ್ರೇಷನ್ನೂ ಇಲ್ಲದೆ ಸುಮ್ಮನಾದರೆ ಬೂಟ್‌ಲೋಡರ್‌ಗೇ ಪೆಟ್ಟು ಬಿದ್ದಿರಬಹುದು. ಅದು ‘ಹಾರ್ಡ್ ಬ್ರಿಕ್’. ಆಗ ಉಳಿಯುವುದು ಚಿಪ್ಪಿನೊಳಗಿನ ಆ ಕೊನೆಯ ಮೆಟ್ಟಿಲು ಮಾತ್ರ.

ಬ್ಯಾಟರಿ ಕೆಳಗಿನ ಚುಕ್ಕೆಗಳು

ಸ್ಮಾರ್ಟ್‌ಫೋನ್ ಬರುವ ಮೊದಲೇ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಈ ವಿದ್ಯೆ ಇತ್ತು. ಹಳೆಯ ನೋಕಿಯಾ ಸೆಟ್ಟಿನ ಬ್ಯಾಟರಿ ತೆಗೆದರೆ ಕೆಳಗೆ ಚಿನ್ನದ ಬಣ್ಣದ ಪುಟ್ಟ ಚುಕ್ಕೆಗಳ ಸಾಲು ಕಾಣುತ್ತಿತ್ತಲ್ಲ, ಅವು ಅಲಂಕಾರಕ್ಕೆ ಇದ್ದವಲ್ಲ. ಕಾರ್ಖಾನೆ ಮತ್ತು ಸರ್ವಿಸ್ ಸೆಂಟರಿನವರು ಕೇಬಲ್ ಒತ್ತಿ ಹಿಡಿದು ಸೆಟ್ಟಿನ ತಳಕ್ಕೆ ಇಳಿಯುವ ಬಾಗಿಲು ಅದು.

ಸೆಟ್ ಆನ್ ಮಾಡಿದರೆ ಪರದೆಯ ಮೇಲೆ ‘ಕಾಂಟ್ಯಾಕ್ಟ್ ಸರ್ವಿಸ್’ ಎಂದು ಬಂದು ನಿಂತರೆ ಅಂಗಡಿಯವರು ಅದನ್ನು ಒಂದು ‘ಬಾಕ್ಸ್’ಗೆ ಸಿಕ್ಕಿಸುತ್ತಿದ್ದರು. ಬಾಕ್ಸ್ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಹೊಸ ಸಾಫ್ಟ್‌ವೇರ್ ಸೆಟ್ಟಿಗೆ. ‘ಸಾಫ್ಟ್‌ವೇರ್ ಹೊಡೆಸಿದೆ’ ಎಂಬ ಮಾತು ಕನ್ನಡಕ್ಕೆ ಬಂದದ್ದು ಈ ಕೆಲಸದಿಂದಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಬಾಕ್ಸ್, ಕೇಬಲ್, ಬಿಡಿಭಾಗ ಎಲ್ಲ ಸಿಗುತ್ತಿದ್ದವು. ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯಲ್ಲಿ ಕೂತು ಕಲಿತವರೂ ಆರು ತಿಂಗಳಲ್ಲಿ ಸತ್ತ ಸೆಟ್ ಎಬ್ಬಿಸುತ್ತಿದ್ದರು. ಕಂಪನಿ ಅವರಿಗೆ ಕೀಲಿಕೈ ಕೊಟ್ಟಿರಲಿಲ್ಲ ನಿಜ. ಆದರೆ ಬಾಗಿಲಿಗೆ ಗಟ್ಟಿ ಬೀಗವೂ ಇರಲಿಲ್ಲ.

‘ಇಟ್ಟಿಗೆ’ ಸುದ್ದಿಯಾದ ವರ್ಷ

‘ಬ್ರಿಕ್’ ಎಂಬ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2007ರಲ್ಲಿ. ಆ ವರ್ಷದ ಜೂನ್ 29ರಂದು ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂತು. ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಸಿಮ್ ಹಾಕಬೇಕಿತ್ತು. ಕೆಲವೇ ವಾರಗಳಲ್ಲಿ ಉತ್ಸಾಹಿಗಳು ಆ ಬೀಗ ಮುರಿದು ಬೇರೆ ಸಿಮ್ ಹಾಕಿಕೊಂಡರು.

ಸೆಪ್ಟೆಂಬರ್ ಕೊನೆಯಲ್ಲಿ ಆಪಲ್ ಒಂದು ಎಚ್ಚರಿಕೆ ಕೊಟ್ಟಿತು: ಬೀಗ ಮುರಿದ ಫೋನಿಗೆ ಮುಂದಿನ ಅಪ್‌ಡೇಟ್ ಹಾಕಿದರೆ ಅದು ಶಾಶ್ವತವಾಗಿ ಕೆಲಸ ನಿಲ್ಲಿಸಬಹುದು. ಕೆಲವೇ ದಿನಗಳಲ್ಲಿ 1.1.1 ಎಂಬ ಅಪ್‌ಡೇಟ್ ಬಂತು. ಹಾಕಿದವರಲ್ಲಿ ಹಲವರ ಫೋನು ನಿಜವಾಗಿಯೂ ನಿಂತುಹೋಯಿತು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವರಿಗೆ ಎಷ್ಟು ಹಕ್ಕು ಎಂಬ ಜಗಳ ಶುರುವಾದದ್ದು ಆಗ.

ಶಾಶ್ವತವಾಗಿ ಸತ್ತವು ಎಂದುಕೊಂಡ ಆ ಫೋನುಗಳಲ್ಲಿ ಅನೇಕವನ್ನು ಉತ್ಸಾಹಿಗಳೇ ಮುಂದಿನ ವಾರಗಳಲ್ಲಿ ಹಳೆಯ 1.0.2 ಸಾಫ್ಟ್‌ವೇರಿಗೆ ಹಿಂದಿರುಗಿಸಿ ಎಬ್ಬಿಸಿದರು. ಹಿಂದಿನ ಆವೃತ್ತಿಗೆ ಮರಳುವ ಈ ದಾರಿಯನ್ನು ನೆನಪಿಟ್ಟುಕೊಳ್ಳಿ. ಹತ್ತು ವರ್ಷದ ನಂತರ ಇದೇ ದಾರಿ ಫೋನುಗಳನ್ನು ಕೊಲ್ಲತೊಡಗಿತು.

ಮೊದಲ ಆಂಡ್ರಾಯ್ಡ್, ಮೊದಲ ಸಾವುಗಳು

2008ರ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದ ಪೇಟೆಗೆ ಬಂತು. ತಯಾರಿಸಿದ್ದು ಎಚ್‌ಟಿಸಿ, ಹೆಸರು ಜಿ1. ಮರು ತಿಂಗಳೇ ಅದರಲ್ಲಿ ಒಂದು ವಿಚಿತ್ರ ದೋಷ ಸಿಕ್ಕಿತು. ಕೀಬೋರ್ಡಿನಲ್ಲಿ ಏನೇ ಟೈಪ್ ಮಾಡಿದರೂ ಅದು ತೆರೆಮರೆಯಲ್ಲಿ ಫೋನಿನ ಯಜಮಾನನ ಆಜ್ಞೆಯಂತೆ ನಡೆದುಬಿಡುತ್ತಿತ್ತು. ‘ರೀಬೂಟ್’ ಎಂದು ಬರೆದು ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ರೀಬೂಟ್ ಆಗುತ್ತಿತ್ತು! ಗೂಗಲ್ ಬೇಗನೆ ಈ ತೂತು ಮುಚ್ಚಿತು. ಅಷ್ಟರಲ್ಲಿ ಉತ್ಸಾಹಿಗಳು ಒಳಗೆ ಹೊಕ್ಕು ತಮ್ಮದೇ ಸಾಫ್ಟ್‌ವೇರ್ ತಯಾರಿಸಲು ಶುರುಮಾಡಿಯಾಗಿತ್ತು.

ಹೊರಗಿನ ಸಾಫ್ಟ್‌ವೇರುಗಳಲ್ಲಿ 2009ರಲ್ಲಿ ಶುರುವಾದ ಸಯನೋಜನ್‌ಮಾಡ್ ಹೆಸರು ಮಾಡಿತು. ಮಾಡಿದವರು ಸ್ಟೀವ್ ಕೊಂಡಿಕ್. ಆ ಸೆಪ್ಟೆಂಬರಿನಲ್ಲಿ ಗೂಗಲ್ ಅವರಿಗೆ ನೋಟಿಸ್ ಕಳಿಸಿತು: ಜಿಮೇಲ್, ಮ್ಯಾಪ್ಸ್ ಮೊದಲಾದ ಆ್ಯಪ್‌ಗಳು ನಮ್ಮವು, ಹಂಚುವ ಹಾಗಿಲ್ಲ ಎಂದು. ಕೊಂಡಿಕ್ ಅವನ್ನು ತೆಗೆದು ಉಳಿದದ್ದನ್ನು ಮುಂದುವರಿಸಿದರು. ಇವತ್ತಿಗೂ ಕಸ್ಟಮ್ ರಾಮ್ ಹಾಕಿದ ಮೇಲೆ ಗೂಗಲ್ ಆ್ಯಪ್‌ಗಳನ್ನು ಬೇರೆಯಾಗಿ ಹಾಕಬೇಕಾಗಿ ಬರುವುದು ಈ ಕಾರಣಕ್ಕೆ.

ಇದೇ ಜಿ1ರಲ್ಲಿ ಆಂಡ್ರಾಯ್ಡಿನ ಮೊದಲ ದೊಡ್ಡ ಸಾವುಗಳೂ ಆದವು. ಆ ಫೋನಿನಲ್ಲಿ ಜಾಗ ಕಡಿಮೆ. ಹೆಚ್ಚು ಜಾಗ ಮಾಡಿಕೊಡುವ ಹೊಸ ಬೂಟ್‌ಲೋಡರ್ ಒಂದು 2009ರಲ್ಲಿ ಹರಿದಾಡಿತು. ಅದನ್ನು ಹಾಕುವ ಮೊದಲು ‘ರೇಡಿಯೊ’ ಎಂಬ ಭಾಗವನ್ನು ಹೊಸದಕ್ಕೆ ಬದಲಿಸಿಕೊಂಡಿರಬೇಕಿತ್ತು. ಹಿಂದುಮುಂದು ಮಾಡಿದವರ ಫೋನು ಅಲ್ಲೇ ಕಪ್ಪಾಯಿತು. ಎಷ್ಟು ಫೋನು ಸತ್ತವೆಂದರೆ ಜನ ಅದನ್ನು ‘ಡೇಂಜರ್ ಎಸ್‌ಪಿಎಲ್’ ಎಂದೇ ಕರೆದರು. ಫೈಲೂ ಸರಿಯಿತ್ತು, ಫೋನೂ ಸರಿಯಿತ್ತು. ತಪ್ಪಿದ್ದು ಕ್ರಮ ಮಾತ್ರ. ಅನ್ನ ಬೆಂದ ಮೇಲೆ ಅಕ್ಕಿ ತೊಳೆಯಲು ಆಗುತ್ತದೆಯೇ?

ಹಾಗೆ ಸತ್ತವನ್ನು ಎಬ್ಬಿಸಲು ಫೋನು ಬಿಚ್ಚಿ, ಬೋರ್ಡಿಗೆ ಕೂದಲಿನಷ್ಟು ತೆಳ್ಳಗಿನ ತಂತಿ ಬೆಸೆದು, ‘ಜೇಟ್ಯಾಗ್’ ಎಂಬ ದಾರಿಯಿಂದ ಒಳಗಿಳಿಯಬೇಕಿತ್ತು. 1985ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಗಳು ಸೇರಿ ಒಂದು ಗುಂಪು ಮಾಡಿಕೊಂಡು, ತಯಾರಾದ ಬೋರ್ಡಿನ ಬೆಸುಗೆ ಸರಿಯಿದೆಯೇ ಎಂದು ಪರೀಕ್ಷಿಸಲು ರೂಪಿಸಿದ ವಿಧಾನ ಅದು. 1990ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಕಾರ್ಖಾನೆಯ ಪರೀಕ್ಷೆಗೆ ಬಿಟ್ಟ ಕಿಂಡಿ ಇಪ್ಪತ್ತು ವರ್ಷದ ನಂತರ ಸತ್ತ ಫೋನುಗಳ ಬಾಯಿಗೆ ನೀರು ಬಿಡಲು ಬಂತು.

ಕನ್ನಡದ ಅಕ್ಷರಕ್ಕಾಗಿ

ಫೋನಿನ ಬೀಗ ಮುರಿಯಲು ನಮ್ಮವರಿಗೆ ನಮ್ಮದೇ ಕಾರಣವೊಂದಿತ್ತು. 2010-11ರ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಓದಲು ಬರುತ್ತಿರಲಿಲ್ಲ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು. ಕನ್ನಡ ಫಾಂಟ್ ಸೇರಿಸೋಣವೆಂದರೆ ಅದು ಇರಬೇಕಾದ ಜಾಗಕ್ಕೆ ಬೀಗ. ಆ ಬೀಗ ತೆಗೆಯುವುದಕ್ಕೆ ‘ರೂಟ್ ಮಾಡುವುದು’ ಎನ್ನುತ್ತಾರೆ. ಎಷ್ಟೋ ಜನ ಫೋನು ರೂಟ್ ಮಾಡಿದ್ದು, ಹೊರಗಿನ ಸಾಫ್ಟ್‌ವೇರ್ ಹಾಕಿದ್ದು ತಮ್ಮ ಭಾಷೆ ಓದಲಿಕ್ಕೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಕ್ಕೆ ಬೆಂಬಲ ಬಂದ ಮೇಲೆ ಈ ಕಷ್ಟ ಕಡಿಮೆಯಾಯಿತು.

ಆ ಹೊತ್ತಿಗೆ ಬಾವಿಗೆ ಇಳಿಯುವ ಮೊದಲು ಹಗ್ಗ ಕಟ್ಟಿಕೊಳ್ಳುವ ಅಭ್ಯಾಸವೂ ಬೆಳೆದಿತ್ತು. ಕೌಶಿಕ್ ದತ್ತ ಎಂಬವರು ಮಾಡಿದ ‘ಕ್ಲಾಕ್‌ವರ್ಕ್‌ಮಾಡ್’, ಆಮೇಲೆ ಬಂದ ‘ಟಿಡಬ್ಲ್ಯುಆರ್‌ಪಿ’ ಎಂಬ ರಿಕವರಿಗಳು ಇಡೀ ಫೋನಿನ ನಕಲು ತೆಗೆದಿಡುತ್ತಿದ್ದವು. ಹೊಸದು ಕೆಟ್ಟರೆ ಹತ್ತು ನಿಮಿಷದಲ್ಲಿ ಹಳೆಯದು ವಾಪಸ್. ಆ ಕಾಲದಲ್ಲಿ ಫೋನು ಎಬ್ಬಿಸಿದ್ದರಲ್ಲಿ ದೊಡ್ಡ ಪಾಲು ಈ ನಕಲಿನದ್ದೇ.

ಒಂದೆರಡು ರೂಪಾಯಿಯ ಸಂಜೀವಿನಿ

2010ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಬಂತು. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಡೌನ್‌ಲೋಡ್ ಮೋಡ್’ ಎಂಬ ಮೆಟ್ಟಿಲಿದೆ. ಮೂರು ಬಟನ್ ಒಟ್ಟಿಗೆ ಒತ್ತಿದರೆ ಅಲ್ಲಿಗೆ ಹೋಗಬಹುದು. ಕಂಪ್ಯೂಟರಿನಲ್ಲಿ ‘ಓಡಿನ್’ ಎಂಬ ಸಾಫ್ಟ್‌ವೇರ್ ತೆರೆದು ಕಂಪನಿಯ ಮೂಲ ಸಾಫ್ಟ್‌ವೇರನ್ನೇ ಮತ್ತೆ ತುಂಬಬಹುದು.

ತೊಂದರೆ ಎಂದರೆ, ಗ್ಯಾಲಕ್ಸಿ ಎಸ್‌ನ ಕೆಲವು ಸೆಟ್‌ಗಳಲ್ಲಿ ಈ ಮೂರು ಬಟನ್ ಉಪಾಯ ಕೆಲಸ ಮಾಡುತ್ತಿರಲಿಲ್ಲ. ಫೋನು ಕೆಟ್ಟರೆ ಬಾಗಿಲಿದೆ, ಹೋಗಲು ದಾರಿಯಿಲ್ಲ. ಆಗ ಉತ್ಸಾಹಿಗಳು ಒಂದು ಗುಟ್ಟು ಕಂಡುಕೊಂಡರು. ಚಾರ್ಜರ್ ಸಿಕ್ಕಿಸುವ ಮೈಕ್ರೋ ಯುಎಸ್‌ಬಿಯ ಒಳಗೆ ಐದು ಪಿನ್ ಇರುತ್ತವೆ. ಅದರ ನಾಲ್ಕನೇ ಮತ್ತು ಐದನೇ ಪಿನ್ ನಡುವೆ 301 ಕಿಲೋ ಓಮ್ ರೆಸಿಸ್ಟರ್ ಇಟ್ಟರೆ ಫೋನು ನೇರವಾಗಿ ಡೌನ್‌ಲೋಡ್ ಮೋಡಿಗೆ ಹೋಗುತ್ತದೆ. ಸರ್ವಿಸ್ ಸೆಂಟರಿನವರಿಗೆ ಕಂಪನಿ ಇಟ್ಟುಕೊಂಡ ಒಳದಾರಿ ಅದು.

301 ಕಿಲೋ ಓಮ್‌ನ ರೆಸಿಸ್ಟರ್ ಎಲ್ಲ ಕಡೆ ಸಿಗುವುದಿಲ್ಲ. ಜನ 100 ಕಿಲೋ ಓಮ್‌ನ ಮೂರು, 1 ಕಿಲೋ ಓಮ್‌ನ ಒಂದು ಸಾಲಾಗಿ ಬೆಸೆದು ಹಳೆಯ ಚಾರ್ಜರಿನ ಪಿನ್ನಿಗೆ ಕೂರಿಸಿದರು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ವಸ್ತುಗಳಿಂದ ಅಷ್ಟು ದುಬಾರಿ ಫೋನುಗಳು ಎದ್ದವು. ಇದಕ್ಕೆ ‘ಜಿಗ್’ ಎಂದು ಹೆಸರು. ಕೀಲಿಕೈಯ ಅಳತೆ ಗೊತ್ತಾದರೆ ಊರಿನ ಕಮ್ಮಾರನೂ ಕೀಲಿಕೈ ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ತಪ್ಪು ಯಾರದ್ದು?

ಫೋನು ಸತ್ತರೆ ಬೈಗುಳ ಬೀಳುವುದು ಹಾಕಿದವರಿಗೇ. 2012ರಲ್ಲಿ ನಡೆದದ್ದು ಬೇರೆ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ ಮತ್ತು ಗ್ಯಾಲಕ್ಸಿ ಎಸ್2ಗೆ ಆಂಡ್ರಾಯ್ಡ್ 4.0 ಬರುತ್ತಿದ್ದ ಸಮಯ. ರಿಕವರಿಗೆ ಹೋಗಿ ‘ಎಲ್ಲ ಅಳಿಸು’ ಎಂದು ಕೊಟ್ಟ ಕೆಲವರ ಫೋನು ಅಳಿಸುತ್ತಾ ಅಳಿಸುತ್ತಾ ಹಾಗೇ ನಿಂತುಬಿಟ್ಟಿತು. ಡೌನ್‌ಲೋಡ್ ಮೋಡಿಗೆ ಹೋದರೂ ಸಾಫ್ಟ್‌ವೇರ್ ಒಳಗೆ ಇಳಿಯುತ್ತಿರಲಿಲ್ಲ. ಜೇಟ್ಯಾಗ್‌ಗೂ ಬಗ್ಗಲಿಲ್ಲ. ಜನ ಇದಕ್ಕೆ ‘ಸೂಪರ್ ಬ್ರಿಕ್’ ಎಂದರು.

ಕೊನೆಗೆ ಕಾರಣ ಸಿಕ್ಕಿದ್ದು ಹೊರಗಿನ ಸಾಫ್ಟ್‌ವೇರಿನಲ್ಲಿ ಅಲ್ಲ, ಫೋನಿನ ಮೆಮೊರಿ ಚಿಪ್ಪಿನಲ್ಲಿ. ಈ ಚಿಪ್ಪಿಗೆ ತನ್ನೊಳಗೆ ಎಲ್ಲೆಲ್ಲಿ ಏನೇನಿದೆ ಎಂದು ಬರೆದಿಟ್ಟುಕೊಳ್ಳುವ ಒಂದು ಲೆಕ್ಕದ ಪುಸ್ತಕವಿರುತ್ತದೆ. ಹೊಸ ಆಂಡ್ರಾಯ್ಡ್ ಕೊಡುತ್ತಿದ್ದ ‘ಅಳಿಸು’ ಆಜ್ಞೆ ಬಂದಾಗ, ಕೆಲವು ಚಿಪ್ಪುಗಳಲ್ಲಿ ಆ ಪುಸ್ತಕವೇ ಹಾಳಾಗುತ್ತಿತ್ತು. ಕಂಪನಿಯದೇ ಆಂಡ್ರಾಯ್ಡ್ 4.0 ಹಾಕಿಕೊಂಡು, ಕಂಪನಿಯದೇ ಫ್ಯಾಕ್ಟರಿ ರೀಸೆಟ್ ಮಾಡಿದವರಿಗೂ ಈ ಅಪಾಯ ಇತ್ತು. ಆ ಆಜ್ಞೆಯನ್ನೇ ತೆಗೆದುಹಾಕಿದ ಸುರಕ್ಷಿತ ಸಾಫ್ಟ್‌ವೇರನ್ನು ಉತ್ಸಾಹಿಗಳೇ ಮೊದಲು ಕೊಟ್ಟರು. ನಿಮ್ಮ ಫೋನಿನಲ್ಲಿ ಆ ಚಿಪ್ಪಿದೆಯೇ ಎಂದು ಹೇಳುವ ಒಂದು ಆ್ಯಪ್ ಕೂಡ ಬಂತು.

ಸೂಪರ್ ಬ್ರಿಕ್ ಆದ ಕೆಲವು ಫೋನುಗಳೂ ಅರೆಬರೆ ಎದ್ದವು. ಹೇಗೆ? ಚಿಪ್ಪಿನಲ್ಲಿ ಹಾಳಾದ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು, ಅದನ್ನು ಪಾಳು ಬಿಟ್ಟು, ಉಳಿದ ಭಾಗಕ್ಕೆ ಹೊಸ ಗಡಿ ಹಾಕಿ ಅಲ್ಲಿ ಸಾಫ್ಟ್‌ವೇರ್ ತುಂಬಿದರು. ಚೌಳು ಬಿದ್ದ ಮೂಲೆ ಬಿಟ್ಟು ಉಳಿದ ಹೊಲ ಉತ್ತ ಹಾಗೆ. ಫೋನಿನ ಜಾಗ ಸ್ವಲ್ಪ ಕಡಿಮೆಯಾಯಿತು, ಆದರೆ ಮಾತಾಡಿತು.

ಅಗ್ಗದ ಫೋನುಗಳ ಕಾಲ

2013ರ ನಂತರ ನಮ್ಮ ಹಳ್ಳಿಗಳಿಗೆ ಸ್ಮಾರ್ಟ್‌ಫೋನ್ ನುಗ್ಗಿದ್ದು ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ ಹೆಸರಿನಲ್ಲಿ. ಅವುಗಳಲ್ಲಿ ಬಹಳಷ್ಟರ ಹೊಟ್ಟೆಯೊಳಗೆ ತೈವಾನಿನ ಮೀಡಿಯಾಟೆಕ್ ಚಿಪ್. ಈ ಚಿಪ್ಪಿನ ತಳದ ಬಾಗಿಲು ಹೆಚ್ಚುಕಡಿಮೆ ತೆರೆದೇ ಇತ್ತು. ‘ಎಸ್‌ಪಿ ಫ್ಲ್ಯಾಶ್ ಟೂಲ್’ ಎಂಬ ಸಾಫ್ಟ್‌ವೇರ್, ಫೋನಿಗೆ ಹೊಂದುವ ಫೈಲು, ಒಂದು ಯುಎಸ್‌ಬಿ ಕೇಬಲ್ ಇದ್ದರೆ ಕಪ್ಪಾದ ಫೋನೂ ಏಳುತ್ತಿತ್ತು. ಬಾಕ್ಸ್ ಕಾಲದ ಅಂಗಡಿಯವರಿಗೆ ಇದು ಸುಗ್ಗಿ.

ಇಲ್ಲೊಂದು ಗುಂಡಿಯೂ ಇತ್ತು. ಆ ಸಾಫ್ಟ್‌ವೇರಿನಲ್ಲಿ ‘ಎಲ್ಲ ಫಾರ್ಮ್ಯಾಟ್ ಮಾಡು’ ಎಂಬ ಆಯ್ಕೆ ಒತ್ತಿದರೆ ಫೋನಿನ ಐಎಂಇಐ ನಂಬರೂ ಅಳಿಸಿಹೋಗುತ್ತಿತ್ತು. ಫೋನು ಏಳುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಆಗ ಕೆಲವರು ಯಾವುದೋ ಒಂದು ನಂಬರ್ ಬರೆದು ಕೊಟ್ಟುಬಿಡುತ್ತಿದ್ದರು. ಐಎಂಇಐ ತಿದ್ದುವುದು ಅಪರಾಧ ಎಂದು ಕೇಂದ್ರ ಸರ್ಕಾರ 2017ರಲ್ಲಿ ಸ್ಪಷ್ಟ ನಿಯಮ ಮಾಡಿದೆ. ಕದ್ದ ಫೋನು ಹುಡುಕಲು ಪೊಲೀಸರಿಗೆ ಇರುವ ಗುರುತು ಅದೇ. ರಿಪೇರಿಯಾದ ಫೋನು ವಾಪಸ್ ಪಡೆಯುವಾಗ *#06# ಒತ್ತಿ, ಬರುವ ನಂಬರು ಡಬ್ಬದ ಮೇಲಿನ ನಂಬರಿಗೆ ಸರಿಹೊಂದುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಇದೇ ಕಾಲದಲ್ಲಿ ಹೊರಗಿನ ಸಾಫ್ಟ್‌ವೇರ್ ಒಳಮನೆಗೂ ಬಂತು. ಸಯನೋಜನ್‌ಮಾಡ್ ತಂಡ 2013ರಲ್ಲಿ ಕಂಪನಿಯಾಯಿತು. 2014ರ ಕೊನೆಯಲ್ಲಿ ಮೈಕ್ರೋಮ್ಯಾಕ್ಸ್‌ನ ‘ಯು ಯುರೇಕಾ’ ಫೋನು ಭಾರತದಲ್ಲಿ ಅದೇ ಸಾಫ್ಟ್‌ವೇರ್ ಹೊತ್ತು ಬಂತು. ಭಾರತದಲ್ಲಿ ಅದರ ಹಕ್ಕು ಯಾರಿಗೆ ಎಂದು ಒನ್‌ಪ್ಲಸ್ ಜೊತೆ ದೆಹಲಿ ಹೈಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು. ಎರಡೇ ವರ್ಷ, 2016ರ ಕೊನೆಗೆ ಆ ಕಂಪನಿ ಸೇವೆ ನಿಲ್ಲಿಸಿತು. ಸ್ವಯಂಸೇವಕರು ಅದನ್ನೇ ಎತ್ತಿಕೊಂಡು ‘ಲಿನಿಯೇಜ್ ಓಎಸ್’ ಎಂದು ಹೆಸರಿಟ್ಟು ಇವತ್ತಿಗೂ ನಡೆಸುತ್ತಿದ್ದಾರೆ.

ಬೀಗ ಬಿತ್ತು

2016ರ ಆರಂಭದಲ್ಲಿ ಶವೋಮಿ ತನ್ನ ಫೋನುಗಳ ಬೂಟ್‌ಲೋಡರ್‌ಗೆ ಬೀಗ ಹಾಕಿತು. ತೆಗೆಯಬೇಕಾದರೆ ಕಂಪನಿಗೆ ಅರ್ಜಿ ಹಾಕಿ ಕಾಯಬೇಕು. ಕಂಪನಿ ಕೊಟ್ಟ ಕಾರಣದಲ್ಲಿ ಹುರುಳಿತ್ತು. ನಡುವಿನ ವ್ಯಾಪಾರಿಗಳು ಫೋನಿನ ಡಬ್ಬ ಬಿಚ್ಚಿ, ಜಾಹೀರಾತು ತುಂಬಿದ ಕೆಟ್ಟ ಸಾಫ್ಟ್‌ವೇರ್ ಹಾಕಿ ಮಾರುತ್ತಿದ್ದರು.

ಶವೋಮಿಯ ಬಹಳಷ್ಟು ಫೋನುಗಳಲ್ಲಿ ಇರುವುದು ಕ್ವಾಲ್‌ಕಾಮ್ ಚಿಪ್. ಅದರ ತಳದ ಬಾಗಿಲಿಗೆ ‘ಇಡಿಎಲ್’ ಎಂದು ಹೆಸರು. ಬೂಟ್‌ಲೋಡರ್ ಸತ್ತರೂ ಕಂಪ್ಯೂಟರಿಗೆ ಸಿಕ್ಕಿಸಿದಾಗ ‘9008’ ಎಂಬ ಸಂಖ್ಯೆ ತೋರಿಸಿ, ನಾನಿನ್ನೂ ಇದ್ದೇನೆ ಎನ್ನುತ್ತದೆ. ಬೂಟ್‌ಲೋಡರ್ ಬೀಗದಿಂದಾಗಿ ಜನ ಫೋನಿನ ಹಿಂಬದಿ ಬಿಚ್ಚಿ, ಬೋರ್ಡಿನ ಮೇಲಿನ ಎರಡು ಚುಕ್ಕೆಗಳನ್ನು ಚಿಮುಟದಿಂದ ಜೋಡಿಸಿ ಈ ಬಾಗಿಲಿಗೆ ಹೋಗುವುದನ್ನು ಕಲಿತರು. ನೋಕಿಯಾ ಕಾಲದ ಚುಕ್ಕೆಗಳು ಮತ್ತೆ ಬಂದ ಹಾಗಾಯಿತು.

2018ರ ಫೆಬ್ರವರಿಯಲ್ಲಿ ರೆಡ್ಮಿ ನೋಟ್ 5 ಪ್ರೊ ಭಾರತಕ್ಕೆ ಬಂತು. ನಮ್ಮ ಊರುಗಳಲ್ಲೂ ಬಹಳ ಜನ ಕೊಂಡ ಫೋನು. ಆ ವರ್ಷದ ನಡುವಿನಲ್ಲಿ ಬಂದ ಒಂದು ಅಪ್‌ಡೇಟ್‌ನೊಳಗೆ ‘ಆ್ಯಂಟಿ ರೋಲ್‌ಬ್ಯಾಕ್’ ಎಂಬ ವ್ಯವಸ್ಥೆ ಇತ್ತು. ಫೋನು ತನ್ನ ಸಾಫ್ಟ್‌ವೇರಿನ ಒಂದು ಸಂಖ್ಯೆಯನ್ನು ಅಳಿಸಲಾಗದ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಅದು 4 ಆಗಿದ್ದರೆ, 3 ಇರುವ ಹಳೆಯ ಸಾಫ್ಟ್‌ವೇರ್ ಹಾಕಿದ ತಕ್ಷಣ ಫೋನು ಸಾಯುತ್ತದೆ.

ಹತ್ತು ವರ್ಷದಿಂದ ಎಲ್ಲರೂ ಹೇಳಿಕೊಟ್ಟ ಪಾಠ ಒಂದೇ ಆಗಿತ್ತು: ಕಸ್ಟಮ್ ರಾಮ್ ಕೈಕೊಟ್ಟರೆ ಕಂಪನಿಯ ಹಳೆಯ ಸಾಫ್ಟ್‌ವೇರಿಗೆ ಮರಳು. ಅದನ್ನೇ ನಂಬಿ ಮರಳಲು ಹೋದವರ ಫೋನುಗಳು ಕಪ್ಪಾದವು. ಹಿಂಬದಿ ಬಿಚ್ಚಿ ತಳದ ಬಾಗಿಲಿಗೆ ಹೋದರೆ ಅಲ್ಲಿ ಹೊಸ ಬೀಗ. ಕಂಪನಿ ಒಪ್ಪಿದ ಸರ್ವಿಸ್ ಖಾತೆಯಿಂದ ಲಾಗಿನ್ ಆದರೆ ಮಾತ್ರ ಒಳಗೆ ಬಿಡುತ್ತದೆ. ಊರಿನ ಅಂಗಡಿಯವರ ಬಳಿ ಕೇಬಲ್ ಇದೆ, ಫೈಲಿದೆ, ವಿದ್ಯೆಯೂ ಇದೆ. ಅನುಮತಿ ಇಲ್ಲ.

ಬೀಗಕ್ಕೂ ನ್ಯಾಯವಿದೆ

ಕಂಪನಿಗಳನ್ನು ಬೈದು ಮುಗಿಸುವ ವಿಷಯ ಇದಲ್ಲ. 2018ರ ಆರಂಭದಲ್ಲೇ ಭದ್ರತಾ ಸಂಶೋಧಕರು, ಸೋರಿಹೋದ ರಿಪೇರಿ ಫೈಲುಗಳನ್ನು ಬಳಸಿ ಈ ಇಡಿಎಲ್ ಬಾಗಿಲಿನಿಂದಲೇ ಫೋನಿನ ರಕ್ಷಣೆಗಳನ್ನು ದಾಟಬಹುದು ಎಂದು ತೋರಿಸಿದ್ದರು. 2021ರ ಆರಂಭದಲ್ಲಿ ಮೀಡಿಯಾಟೆಕ್ ಚಿಪ್ಪುಗಳ ತಳದ ಬೀಗ ದಾಟುವ ಸಾಧನ ಬಹಿರಂಗವಾಯಿತು. ಆ ತಳದ ಪ್ರೋಗ್ರಾಂ ಅಚ್ಚೊತ್ತಿದ್ದು, ಅಳಿಸಲು ಬಾರದ್ದು ಎಂದೆವಲ್ಲ. ಹಾಗಾಗಿ ಅದರ ತೂತನ್ನೂ ಮಾರಿದ ಫೋನುಗಳಲ್ಲಿ ಮುಚ್ಚಲು ಬರುವುದಿಲ್ಲ. ಸತ್ತ ಫೋನು ಎಬ್ಬಿಸುವವರಿಗೆ ಅದು ವರ. ಕದ್ದ ಫೋನು ಇಟ್ಟುಕೊಂಡವರಿಗೂ ಅದೇ ವರ. ನಮ್ಮ ಬ್ಯಾಂಕು, ಆಧಾರ್ ಒಟಿಪಿ, ಮನೆಯವರ ಫೋಟೊ ಎಲ್ಲ ಅದರೊಳಗೇ ಇರುವಾಗ ಬಾಗಿಲು ಹಾರುಹೊಡೆದು ಇಡಿ ಎನ್ನಲು ಆಗುವುದಿಲ್ಲ.

ಬೇರೆ ದಾರಿಯೂ ಇದೆ. 2016ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನೊಂದಿಗೆ ಆಂಡ್ರಾಯ್ಡ್‌ನಲ್ಲಿ ಎರಡು ಪ್ರತಿಗಳ ವ್ಯವಸ್ಥೆ ಬಂತು. ಫೋನಿನಲ್ಲಿ ಸಾಫ್ಟ್‌ವೇರಿಗೆ ಎ ಮತ್ತು ಬಿ ಎಂಬ ಎರಡು ಜಾಗ. ಎ ನಡೆಯುತ್ತಿರುವಾಗ ಅಪ್‌ಡೇಟ್ ಬಿಗೆ ಇಳಿಯುತ್ತದೆ. ಬಿ ಏಳದಿದ್ದರೆ ಫೋನು ತಾನೇ ಎಗೆ ಮರಳುತ್ತದೆ. ಬೀಗವೂ ಉಳಿಯಿತು, ಬಿದ್ದರೆ ಏಳುವ ದಾರಿಯೂ ಉಳಿಯಿತು. ಆದರೆ ಇದು ಕಾಯುವುದು ಮುಖ್ಯವಾಗಿ ಕಂಪನಿಯ ಅಪ್‌ಡೇಟ್ ಕೆಟ್ಟಾಗ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಮೇಲೆ ಅದರ ಉಪಯೋಗ ಕಡಿಮೆ.

ಈ ಚರಿತ್ರೆಯಿಂದ ಕಲಿಯುವುದು

ಫೋನು ಕೆಟ್ಟು ಕೂತವರಿಗೆ ಇಷ್ಟೂ ವರ್ಷದ ಅನುಭವ ಹೇಳುವ ನಾಲ್ಕು ಮಾತು ಇವು.

ಒಂದು, ಗಾಬರಿಯಲ್ಲಿ ಸಿಕ್ಕಿದ ಫೈಲೆಲ್ಲ ಹಾಕಬೇಡಿ. ಲೋಗೋ ಬರುತ್ತಿದ್ದರೆ, ಅಥವಾ ಕಂಪ್ಯೂಟರಿಗೆ ಸಿಕ್ಕಿಸಿದಾಗ ಏನಾದರೂ ಗುರುತು ತೋರಿಸಿದರೆ, ಫೋನು ಬದುಕಿದೆ. ಎರಡನೇ ತಪ್ಪು ಮೊದಲನೆಯದಕ್ಕಿಂತ ಆಳಕ್ಕೆ ತಳ್ಳುತ್ತದೆ.

ಎರಡು, ಫೋನಿನ ಹೆಸರು ಒಂದೇ ಇದ್ದರೆ ಸಾಲದು. ಹಿಂಬದಿ ಅಥವಾ ಡಬ್ಬದ ಮೇಲಿರುವ ಮಾಡೆಲ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದೇ ಹೆಸರಿನ ಫೋನುಗಳಲ್ಲಿ ಬೇರೆ ಬೇರೆ ಚಿಪ್ ಇರುವುದುಂಟು.

ಮೂರು, ಹಿಂದಕ್ಕೆ ಹೋಗುವ ಮೊದಲು ಹಿಂದಕ್ಕೆ ಹೋಗಬಹುದೇ ಎಂದು ತಿಳಿದುಕೊಳ್ಳಿ. 2018ರ ನಂತರದ ಫೋನುಗಳಲ್ಲಿ ಇದನ್ನು ಕೇಳದೆ ಹಳೆಯ ಸಾಫ್ಟ್‌ವೇರ್ ಹಾಕುವುದು ಕಣ್ಣು ಮುಚ್ಚಿ ಬಾವಿಗೆ ಇಳಿದ ಹಾಗೆ.

ನಾಲ್ಕು, ಬೀಗ ತೆಗೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬೂಟ್‌ಲೋಡರ್ ತೆರೆದ ಫೋನಿನಲ್ಲಿ ಎಷ್ಟೋ ಬ್ಯಾಂಕಿಂಗ್ ಆ್ಯಪ್‌ಗಳು ನಡೆಯುವುದಿಲ್ಲ. ಮನೆಯಲ್ಲಿ ಇರುವುದು ಒಂದೇ ಫೋನು, ಅದರಲ್ಲೇ ಹಾಲಿನ ದುಡ್ಡು, ಮಕ್ಕಳ ಪಾಠ ಎಂದಾದರೆ ಅದರ ಮೇಲೆ ಪ್ರಯೋಗ ಬೇಡ. ಕಲಿಯಲು ಮೂಲೆಯಲ್ಲಿ ಬಿದ್ದ ಹಳೆಯ ಫೋನು ಸಾಕು.

ಇವೆಲ್ಲ ನಮ್ಮ ಕೈಯಲ್ಲಿರುವುದು. ಕೀಲಿಕೈ ಮಾತ್ರ ನಮ್ಮ ಕೈಯಲ್ಲಿಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಒಂದು ಸಮಿತಿ ಮಾಡಿತು. ಆ ವರ್ಷದ ಕೊನೆಗೆ ಒಂದು ಪೋರ್ಟಲ್ ಕೂಡ ಶುರುವಾಯಿತು. ಸಮಿತಿ ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರಗಳು, ಮೊಬೈಲು ಮತ್ತು ಟ್ಯಾಬ್ಲೆಟ್‌ಗಳು, ಗೃಹೋಪಯೋಗಿ ವಸ್ತುಗಳು, ವಾಹನಗಳು. ಟ್ರ್ಯಾಕ್ಟರೂ ಫೋನೂ ಒಂದೇ ಪಟ್ಟಿಯಲ್ಲಿರುವುದು ಸರಿಯಾಗಿಯೇ ಇದೆ. ಎರಡೂ ನಮ್ಮ ದುಡಿಮೆಯ ಸಾಮಾನು. ಎರಡರೊಳಗೂ ಈಗ ಸಾಫ್ಟ್‌ವೇರ್ ಇದೆ, ಬೀಗವಿದೆ.

ಪೇಟೆಯವರಿಗೆ ಸರ್ವಿಸ್ ಸೆಂಟರ್ ಮುಂದಿನ ರಸ್ತೆಯಲ್ಲಿರುತ್ತದೆ. ನಮಗೆ ಅದು ಜಿಲ್ಲಾ ಕೇಂದ್ರದಲ್ಲಿರುತ್ತದೆ. ಹೋಗಿ ಬರಲು ಒಂದು ದಿನದ ಕೂಲಿ, ಬಸ್ ಚಾರ್ಜು. ‘ನಾಲ್ಕು ದಿನ ಬಿಟ್ಟು ಬನ್ನಿ’ ಎಂದರೆ ಇನ್ನೊಂದು ದಿನ. ಆದ್ದರಿಂದ ಹಳ್ಳಿಯವರ ಮಟ್ಟಿಗೆ ರಿಪೇರಿಯ ಹಕ್ಕು ಎಂದರೆ ಊರಿನ ಅಂಗಡಿಯವರಿಗೆ ಕೀಲಿಕೈ ಸಿಗುವ ಹಕ್ಕು. ಫೋನು ಯಾರದ್ದೆಂದು ದಾಖಲೆ ನೋಡಿ, ಹೆಸರು ಬರೆದುಕೊಂಡು, ಜವಾಬ್ದಾರಿ ಹೊತ್ತು ಬಾಗಿಲು ತೆರೆಯುವ ಅವಕಾಶ. ಗ್ಯಾಸ್ ಏಜೆನ್ಸಿಗೆ, ಗೊಬ್ಬರದ ಅಂಗಡಿಗೆ ಲೈಸೆನ್ಸ್ ಕೊಡುವ ದೇಶಕ್ಕೆ ಇದು ಆಗದ ಕೆಲಸವೇನಲ್ಲ.

ಅಲ್ಲಿಯವರೆಗೆ, ಮುಂದಿನ ಸಲ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಇದು ಬಿದ್ದರೆ ಎಬ್ಬಿಸುವವರು ಯಾರು, ಅವರು ನಮ್ಮೂರಿನಿಂದ ಎಷ್ಟು ದೂರ?